ಚಿಗರಿಯ ಮುಖ

ಹಿರೋಳ್ಳಿಯ ಸೀಮೆಯಲ್ಲಿ ಅಂಬಾರಾಯನ ಕೂಗು ಕೇಳದವರು ಕಡಿಮೆ. ದೂರದಲ್ಲಿ ಗುಡುಗಿದರೆ ಹೊಲದಲ್ಲಿದ್ದವರು ಮೊದಲು ಆತನ ಅಟ್ಟಣಿಗೆಯ ಕಡೆ ನೋಡಿ, ಆಮೇಲೆ ಆಕಾಶ ನೋಡುತ್ತಾರೆ ಎಂದು ಊರವರು ತಮಾಷೆ ಮಾಡುವುದುಂಟು. ಆತ ಬೆಳೆ ಕಾಯುವವನು. ಹಳ್ಳದ ದಂಡೆಯ ಹದಿನೆಂಟು ಹೊಲಗಳ ತೊಗರಿ, ಮೊಳಕೆ ಒಡೆದಾಗಿನಿಂದ ರಾಶಿಯಾಗುವವರೆಗೆ, ಆತನದೇ ಉಸ್ತುವಾರಿ. ನಾಲ್ಕು ಕಂಬ ನೆಟ್ಟು ಮೇಲೆ ಹಲಗೆ ಹಾಸಿದ ಅಟ್ಟಣಿಗೆ, ಕೈಯಲ್ಲೊಂದು ಕವಣೆ, ಗಂಟಲಲ್ಲಿ ಆ ಕೂಗು. ನಲವತ್ತು ವರ್ಷಗಳಲ್ಲಿ ಆತನ ಕವಣೆಯ ಕಲ್ಲು ಒಂದು ಪ್ರಾಣಿಗೂ ತಾಗಿಲ್ಲ, ತಾಗಬೇಕಾದ ಪ್ರಸಂಗವೂ ಬಂದಿಲ್ಲ. "ಹೊಯ್ಯೋ... ಹಾ!" ಎಂದು ಒಮ್ಮೆ ಗಂಟಲು ಬಿಚ್ಚಿದರೆ ಚಿಗರಿ ಜಿಂಕೆಗಳ ಹಿಂಡು ಮಹಾರಾಷ್ಟ್ರದ ಗಡಿ ದಾಟಿಯೇ ಉಸಿರು ಬಿಡುತ್ತಿತ್ತು.

ಇಂಥ ಕೂಗಿನ ಮೇಲೆ ಮೊದಲ ತಕರಾರು ತೆಗೆದವಳು ಆರು ವರ್ಷದ ಮೊಮ್ಮಗಳು ರಾಧಿಕಾ. ಶ್ರಾವಣದ ಒಂದು ಭಾನುವಾರ ಬುತ್ತಿ ತಂದವಳು ಅಟ್ಟಣಿಗೆ ಹತ್ತಿ ಕೂತಿದ್ದಳು. ಚಿಗರಿ ಬಂದವು, ಅಂಬಾರಾಯ ಕೂಗಿದ, ಹಿಂಡು ಜಿಗಿಜಿಗಿದು ಮಾಯವಾಯಿತು. ಮೊಮ್ಮಗಳು ಚಪ್ಪಾಳೆ ತಟ್ಟುತ್ತಾಳೆಂದು ಮೀಸೆ ತೀಡಿಕೊಂಡು ನೋಡಿದರೆ ಅವಳು ಮುಖ ಊದಿಸಿಕೊಂಡಿದ್ದಳು.

"ಮುತ್ಯಾ, ಚಿಗರಿಗಿ ಮಾರಿ ಇರ್ತದೇನು?"

"ಇರ್ಲಾರದೇನವ್ವ! ಮಾರಿ ಇಲ್ದ ತೊಗರಿ ಹ್ಯಾಂಗ ತಿಂತಾವ?"

"ಮತ್ತ ನಾ ಬರೇ ಬಾಲ ನೋಡೇನಿ. ಮಾರಿ ಹ್ಯಾಂಗ ಇರ್ತದ, ಹೇಳು."

ಅಂಬಾರಾಯ ಹೇಳಲು ಬಾಯಿ ತೆರೆದ. ಹಿಂಡು ಯಾವ ಗಾಳಿಗೆ ಯಾವ ಬದುವಿನಿಂದ ಇಳಿಯುತ್ತದೆ, ಅದರಲ್ಲಿ ಮರಿಗಳೆಷ್ಟು, ಎಲ್ಲ ಆತನಿಗೆ ಬಾಯಿಪಾಠ. ಆದರೆ ಮುಖ? ತಲೆ ತಗ್ಗಿಸಿ ಮೇಯುವುದನ್ನು ಕಂಡಿದ್ದ, ತಿರುಗಿ ಓಡುವುದನ್ನು ಕಂಡಿದ್ದ. ಅವೆರಡರ ನಡುವಿನದನ್ನು ಆತನ ಕೂಗೇ ನುಂಗಿಬಿಟ್ಟಿತ್ತು. ಮಗುವಿನ ಮುಂದೆ ನಾಚಿಕೆಯಾಯಿತು.

"ತೋರಿಸ್ತೇನಿ," ಎಂದ. "ದಸರಾ ಸೂಟಿಗಿ ನಿಮ್ಮತ್ತಿ ಊರಿಗಿ ಹೋಗಾಮು. ಅಲ್ಲಿ ದೊಡ್ಡ ಅಡವಿ ಅದ. ಚಿಗರಿ ಎದುರಿಗೇ ನಿಂದರ್ತಾವಂತ."

"ನೀ ಕೂಗಬಾರ್ದು ಮತ್ತ."

"ಕೂಗಂಗಿಲ್ಲ."

"ಖರೇ?"

"ನಿನ್ನ ಆಣಿ."

ಅತ್ತೆ ಎಂದರೆ ಅಂಬಾರಾಯನ ಮಗಳು ಮಧುಮತಿ, ಗುಂಡ್ಲುಪೇಟೆಯಲ್ಲಿ ನರ್ಸ್. ದಸರಾ ಬಂತು. ಅಟ್ಟಣಿಗೆಯನ್ನು ಮಗ ಜಗದೇವನಿಗೆ ಒಪ್ಪಿಸಿ, ಅವನ ಕೂಗಿಗೆ ಗುಬ್ಬಿಯೂ ಏಳುವುದಿಲ್ಲವಲ್ಲ ಎಂದು ಮರುಗುತ್ತಲೇ, ಅಂಬಾರಾಯ ರಾಧಿಕಾಳನ್ನೂ ಅವಳ ನಾಲ್ಕು ವರ್ಷದ ತಮ್ಮ ಜೈಭೀಮನನ್ನೂ ಕರೆದುಕೊಂಡು ಕಲಬುರಗಿಯಲ್ಲಿ ರೈಲು ಹತ್ತಿದ. ಆ ಪ್ರಯಾಣ ಆತನಿಗೆ ಈಗಲೂ ನಿದ್ದೆಯಲ್ಲಿ ಕಂಡಂತೆಯೇ ನೆನಪು. ಕಪ್ಪು ಮಣ್ಣು ಯಾವಾಗ ಕೆಂಪಾಯಿತೋ ತಿಳಿಯಲಿಲ್ಲ. ಕಿಟಕಿಯಾಚೆ ಮರಗಳು ಒಂದೊಂದಾಗಿ ಬಂದು, ಆಮೇಲೆ ಗುಂಪುಗುಂಪಾಗಿ ಬಂದವು. ಜೈಭೀಮ ಹೆಗಲ ಮೇಲೆ ಜೊಲ್ಲು ಸುರಿಸುತ್ತ ಮಲಗಿದ್ದ. ರಾಧಿಕಾ ಮಾತ್ರ ಎಚ್ಚರವಾದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದಳು: "ನೆನಪದ ಇಲ್ಲ?"

"ಅದ ಅವ್ವ, ಅದ."

ಬಂಡೀಪುರದ ಸಫಾರಿ ಬಸ್ಸಿನಲ್ಲಿ ಮಧುಮತಿ ಎಲ್ಲರಿಗೂ ಕಿಟಕಿ ಸಿಗುವ ಹಾಗೆ ಕೂರಿಸಿದಳು. "ಯಾರೂ ಶಬ್ದ ಮಾಡ್ಬಾರ್ದು," ಎಂದು ಗಾರ್ಡ್ ಹೇಳಿದ. ರಾಧಿಕಾ ತಿರುಗಿ ಮುತ್ಯಾನನ್ನು ನೋಡಿದಳು. ಆತ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಬಸ್ಸು ಕಾಡಿನೊಳಗೆ ಹೊಕ್ಕಿತು. ಹುಟ್ಟಿದಾಗಿನಿಂದ ದಿಗಂತದ ಗೆರೆ ನೋಡುತ್ತ ಬದುಕಿದವನಿಗೆ ಇಲ್ಲಿ ಗೆರೆಯೇ ಇಲ್ಲ. ಎತ್ತ ನೋಡಿದರೂ ಹಸಿರು, ಹಸಿರಿನ ಹಿಂದೆ ಮತ್ತೊಂದು ಹಸಿರು. ಎಲೆಗಳ ಸಂದಿಯಿಂದ ಬಿಸಿಲು ಚೂರುಚೂರಾಗಿ ಮಕ್ಕಳ ತಲೆಯ ಮೇಲೆ ಬಿದ್ದು ಜಾರುತ್ತಿತ್ತು. ಇದೆಲ್ಲ ಯಾರು ಕಾಯುತ್ತಾರಪ್ಪ ಎಂದುಕೊಂಡ. ಬಸ್ಸು ತೂಗುತ್ತಿತ್ತು. ಕಣ್ಣು ಮುಚ್ಚಿ ಬರುತ್ತಿದ್ದವು. ತಾನು ಅಟ್ಟಣಿಗೆಯ ಮೇಲೇ ಇದ್ದೇನೆಂದೂ ತೊಗರಿ ಈ ವರ್ಷ ಆಕಾಶದೆತ್ತರ ಬೆಳೆದಿದೆಯೆಂದೂ ಅನ್ನಿಸತೊಡಗಿತು.

ಬಸ್ಸು ನಿಂತಿತು. ಹುಲ್ಲಿನಲ್ಲಿ ಇಪ್ಪತ್ತು ಚುಕ್ಕೆ ಜಿಂಕೆಗಳು ಬೆನ್ನು ತಿರುವಿ ಮೇಯುತ್ತಿದ್ದವು. ರಾಧಿಕಾ ಸೀಟಿನ ಮೇಲೆ ಮಂಡಿಯೂರಿ ಉಸಿರು ಹಿಡಿದಳು. ಒಂದು ಜಿಂಕೆ ಕಿವಿ ಆಡಿಸಿತು. ಇನ್ನೇನು ತಲೆ ಎತ್ತಬೇಕು.

"ಹೊಯ್ಯೋ... ಹಾ!"

ಬಸ್ಸಿನ ಗಾಜು ನಡುಗಿದವು. ಇಪ್ಪತ್ತು ಬಿಳಿಯ ಬಾಲಗಳು ಮೇಲೆದ್ದವು, ಪೊದೆಯೊಳಗೆ ನುಗ್ಗಿದವು, ಅಷ್ಟೆ. ಮಂಗಗಳು ಕಿರುಚಿದವು. ಕೂಗಿದ್ದು ಯಾರೆಂದು ಅಂಬಾರಾಯ ತಾನೂ ಹಿಂದೆ ತಿರುಗಿ ನೋಡಿದ.

"ಯಜಮಾನ್ರೇ, ಏನ್ ಮಾಡ್ಬಿಟ್ರಿ!" ಎಂದು ಗಾರ್ಡ್ ಎದ್ದು ಬಂದ. "ಈಗ ತಾನೇ ಹೇಳ್ಲಿಲ್ವಾ?"

"ತಪ್ಪಾಯ್ತರಿ ಸಾಹೇಬ್ರ. ಈ ಬಾಯಿ ನಂದಲ್ರಿ, ಹೊಲದ್ದು."

ಜೈಭೀಮನಿಗೆ ಮಾತ್ರ ಖುಷಿಯೋ ಖುಷಿ. "ಮುತ್ಯಾಗ ಇಲ್ಲೀ ಚಿಗರಿನೂ ಅಂಜತಾವ!" ಎಂದು ಇಡೀ ಬಸ್ಸಿಗೆ ಸಾರಿದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹೊಟ್ಟೆಪಾಡಿಗೆ ಕಲಿತ ಗುಣ ಅದಕ್ಕಿಂತ ಗಟ್ಟಿ. ರಾಧಿಕಾ ಅಳಲಿಲ್ಲ. ಅತ್ತಿದ್ದರೆ ಆತ ಸಮಾಧಾನ ಮಾಡುತ್ತಿದ್ದ. "ಮತ್ತ ಬಾಲಾನೇ," ಎಂದಷ್ಟೇ ಹೇಳಿ ಎದ್ದು ಹೋಗಿ ಅತ್ತೆಯ ಪಕ್ಕ ಕೂತಳು. ಆಮೇಲೆ ಬಸ್ಸು ಒಂದು ತಾಸು ಸುತ್ತಿದರೂ ಒಂದು ನವಿಲು ಬಿಟ್ಟರೆ ಏನೂ ಕಾಣಲಿಲ್ಲ. ಅಂಬಾರಾಯನಿಗೆ ಆ ನವಿಲೂ ಕಾಣಲಿಲ್ಲ. ಆಣೆ ಮುರಿದೆನಲ್ಲ ಎಂಬ ಸಂಕಟದಲ್ಲಿ ಟವೆಲ್ಲಿನ ಅಂಚನ್ನು ಎಳೆ ಎಳೆಯಾಗಿ ಬಿಚ್ಚುತ್ತ ಕೂತಿದ್ದ.

ಸಂಜೆ ಸಫಾರಿ ಕಚೇರಿಯ ಮುಂದೆ ಗುಂಡ್ಲುಪೇಟೆಯ ಬಸ್ಸಿಗಾಗಿ ಕಾಯುತ್ತಿದ್ದರು. ಮಧುಮತಿ ಜೈಭೀಮನನ್ನು ಕರೆದುಕೊಂಡು ಬಿಸ್ಕತ್ತಿಗೆ ಹೋಗಿದ್ದಳು. ಕಲ್ಲುಬೆಂಚಿನ ಆ ತುದಿಗೆ ರಾಧಿಕಾ, ಈ ತುದಿಗೆ ಅಂಬಾರಾಯ. ತಂತಿಬೇಲಿಯಾಚೆಯ ಹುಲ್ಲಿನ ಮೇಲೆ ತೆಳ್ಳಗೆ ಮಂಜು ಇಳಿಯುತ್ತಿತ್ತು. ಆ ಮಂಜಿನಲ್ಲಿ ಏನೋ ಅಲುಗಿದ್ದು ಆತನ ಕಾವಲುಗಣ್ಣಿಗೆ ಮೊದಲು ಬಿತ್ತು. ಗಂಟಲಲ್ಲಿ ಕೂಗು ಆಗಲೇ ಎದ್ದು ಕೂತಿತ್ತು.

ಆತ ಸರಕ್ಕನೆ ಸರಿದು ರಾಧಿಕಾಳನ್ನು ತೊಡೆಯ ಮೇಲೆ ಎಳೆದುಕೊಂಡ. ಅವಳ ಪುಟ್ಟ ಅಂಗೈ ಹಿಡಿದು ತನ್ನ ಬಾಯಿಯ ಮೇಲೆ ಒತ್ತಿಕೊಂಡ. ಮಗುವಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಬೇಲಿಯಾಚೆ ನೋಡಿದಳು. ತಿಳಿಯಿತು. ಇನ್ನೊಂದು ಕೈಯನ್ನೂ ತಂದು ಒತ್ತಿದಳು.

ಜಿಂಕೆ ತಲೆ ಎತ್ತಿತು. ಮುಂಗಾಲನ್ನು ಒಮ್ಮೆ ನೆಲಕ್ಕೆ ಕುಟ್ಟಿ ಸುಮ್ಮನಾಯಿತು. ಒದ್ದೆ ಮೂಗು, ಮೂಗಿನ ಸುತ್ತ ಕಪ್ಪು ಗೆರೆ, ಬಾಯಿಯಿಂದ ಇಳಿಬಿದ್ದ ಒಂದು ಹುಲ್ಲಿನ ಎಸಳು. ಅಗಿಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಮನೆಗೆ ಹೊಸಬರು ಬಂದಾಗ ಅಡುಗೆಮನೆಯ ಬಾಗಿಲಿಂದ ಇಣುಕುವವರ ಹಾಗೆ ನೋಡುತ್ತಿತ್ತು.

"ಮುತ್ಯಾ," ರಾಧಿಕಾ ಪಿಸುಗುಟ್ಟಿದಳು, "ಅದು ನಮ್ಮನ್ನ ನೋಡಾಕತ್ತದ."

ಕೂಗು ಅವಳ ಅಂಗೈಯೊಳಗೆ ಗುಂಯ್ ಎಂದು ನಡುಗಿ, ಮೆಲ್ಲಗೆ ಕೆಳಗಿಳಿದು ಹೋಯಿತು. ನಲವತ್ತು ವರ್ಷ ಓಡಿಸಿದ್ದು ಇಂಥ ಮುಖವನ್ನೇ? ಆತನಿಗೆ ಅಳು ಬಂತು, ಅಷ್ಟೇ ಸಂತೋಷವೂ ಆಯಿತು. ಜಿಂಕೆ ತನಗೆ ಬೇಕಾದಷ್ಟು ಹೊತ್ತು ನೋಡಿ, ಮತ್ತೆ ಮೇಯತೊಡಗಿತು.

ಊರಿಗೆ ಮರಳಿದಾಗ ತೊಗರಿ ಹಳದಿ ಹೂವಿಗೆ ಬಂದಿತ್ತು. ಮೊದಲ ಭಾನುವಾರ ಬುತ್ತಿ ತಂದ ರಾಧಿಕಾ ಅಟ್ಟಣಿಗೆ ಹತ್ತಿ ಮುತ್ಯಾನ ತೊಡೆಯ ಮೇಲೆ ಕೂತಳು. ಹಳ್ಳದ ಕಡೆಯಿಂದ ಚಿಗರಿಗಳು ಬಂದವು. ಆತ ಹೇಳುವ ಮೊದಲೇ ಅವಳು ಎರಡೂ ಕೈಯಿಂದ ಆತನ ಬಾಯಿ ಮುಚ್ಚಿದಳು. ಮುಂದಿದ್ದ ಚಿಗರಿ ತಲೆ ಎತ್ತಿತು. ಇದಕ್ಕೆ ಚುಕ್ಕೆ ಇಲ್ಲ, ಕಣ್ಣ ಸುತ್ತ ಬಿಳಿಯ ಉಂಗುರ. ನಲವತ್ತು ವರ್ಷದ ನೆರೆಮನೆಯವರು ಅಂದು ಮೊದಲ ಸಲ ಮುಖ ತೋರಿಸಿದರು.

ಬದುವಿನ ಮೇಲೆ ಬರುತ್ತಿದ್ದ ಹೊಲದ ಮಾಲೀಕ ಕಲ್ಲಿನಾಥಗೌಡರಿಗೆ ಎದೆ ಒಡೆಯಿತು. "ಏ ಅಂಬಾರಾಯ! ಹೂವು ಮೇಯಾಕತ್ತಾವ, ನಿದ್ದಿ ಹತ್ತೇದೇನೋ?"

ರಾಧಿಕಾ ಕೈ ತೆಗೆದಳು. "ಹ್ಞೂಂ, ಈಗ ಕೂಗು."

ಅಂಬಾರಾಯ ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ. "ಹೋಗಿ ಬರ್ರೆವ್ವೋ... ಹೋಗಿ ಬರ್ರೀ!"

ಹಿಂಡು ಎಂದಿನಂತೆ ಜಿಗಿದು ಗಡಿಯ ಕಡೆ ಓಡಿತು. ಗೌಡರು ಅಟ್ಟಣಿಗೆಯ ಕೆಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇದೇನಲೇ? ಕಳ್ಳರಿಗಿ ಹೋಗಿ ಬರ್ರಿ ಅಂತಿ?"

"ಮಾರಿ ನೋಡೇನ್ರಿ ಗೌಡ್ರ," ಅಂದ ಅಂಬಾರಾಯ. "ಇನ್ನ ಬರೇ ಹೋಗ್ರಿ ಅನ್ನಾಕ ಬಾಯಿ ಬರಂಗಿಲ್ರಿ."