ನಂಬರಕ್ಕ ಒರೆಸದೆ ಬಿಟ್ಟ ಮೂರು ಕಾರು

ಬೆಳಗಿನ ಐದೂವರೆ. ಕಲ್ಲು ಕ್ವಾರಿಯ ಗೇಟಿನ ದೀಪ ಇನ್ನೂ ಆರಿಲ್ಲ. ಜಲ್ಲಿ ತುಂಬಿದ ಮೊದಲ ಲಾರಿ ಏದುಸಿರು ಬಿಡುತ್ತಾ ಬಂದು ನಿಲ್ಲುತ್ತದೆ. ತಲೆಗೂ ಮೂಗಿಗೂ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬರು ಬಕೆಟ್ಟು ಹಿಡಿದು ಬಗ್ಗುತ್ತಾರೆ. ನಂಬರ್ ಪ್ಲೇಟಿಗೆ ನೀರು ಚಿಮುಕಿಸಿ ಮೊದಲು ಒದ್ದೆ ಬಟ್ಟೆ, ಮೇಲೊಂದು ಒಣ ಬಟ್ಟೆ ಆಡಿಸುತ್ತಾರೆ. ಹಿಂದಕ್ಕೆ ಹೋಗಿ ಅದನ್ನೇ ಮಾಡಿ ಲಾರಿಯ ಪಕ್ಕಕ್ಕೆ ಎರಡು ಸಲ ತಟ್ಟಿದರೆ ಹೊರಡು ಎಂದು ಅರ್ಥ. ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.

"ಒದ್ದೆ ಬಟ್ಟೆ ಒಂದೇ ಆದ್ರೆ ಧೂಳು ಕೆಸರಾಗಿ ಕೂರುತ್ತೆ ಮೇಡಂ. ಹತ್ತು ಹೆಜ್ಜೆ ಹೋಗೋದ್ರೊಳಗೆ ನಂಬರ್ ಮಾಯ," ಎಂದು ನನಗೆ ವಿವರಿಸುತ್ತಲೇ ಅವರು ಮುಂದಿನ ಲಾರಿಯತ್ತ ತಿರುಗುತ್ತಾರೆ. ಡ್ರೈವರುಗಳೆಲ್ಲ ಇವರನ್ನು ಕರೆಯುವುದು ನಂಬರಕ್ಕ ಎಂದು. ಮನೆಯವರೂ ಹಾಗೇ ಕರೆಯಲು ಶುರುಮಾಡಿ ವರ್ಷಗಳಾಗಿವೆ.

ದಿನಕ್ಕೆ ನೂರ ನಲವತ್ತು ಲಾರಿ, ಏಳು ಕಾರು. ಹಿಂದೆ ಮುಂದೆ ಸೇರಿದರೆ ಮುನ್ನೂರಕ್ಕೆ ಆರು ಕಮ್ಮಿ ಪ್ಲೇಟು. ಹನ್ನೊಂದು ವರ್ಷದಿಂದ ಇದೇ ಕೆಲಸ. ಬೆರಳ ಗೆಣ್ಣುಗಳು ಬಿರುಕು ಬಿಟ್ಟಿವೆ, ಕೆಮ್ಮು ಮೈಗಂಟಿಕೊಂಡಿದೆ. ವೈದ್ಯರು ಧೂಳಿನಿಂದ ದೂರ ಇರಿ ಅಂದರಂತೆ. "ಮೀನಿಗೆ ನೀರಿಂದ ದೂರ ಇರು ಅಂದ ಹಾಗಾಯ್ತು," ಎಂದು ನಗುತ್ತಾರೆ. ನಗು ಕೆಮ್ಮಾಗಿ ಮುಗಿಯುತ್ತದೆ.

ಈ ಕೆಲಸವೂ ಇನ್ನೆಷ್ಟು ದಿನವೋ ಗೊತ್ತಿಲ್ಲ. ಗೇಟಿನಿಂದ ಹೆದ್ದಾರಿಯವರೆಗಿನ ಎರಡು ಕಿಲೋಮೀಟರ್ ರಸ್ತೆ ತಾನು ಹಾಕಿಸಿದ್ದು, ಅದು ತನ್ನ ಆವರಣವೇ ಎಂದು ಕಂಪನಿ ಅರ್ಜಿ ಹಾಕಿದೆ. ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನದ ನಂಬರ್ ಸ್ಪಷ್ಟವಾಗಿ ಕಾಣಬೇಕು ಎಂಬುದು ನಿಯಮ. ಸ್ವಂತ ಆವರಣದಲ್ಲಿ ಓಡುವುದಕ್ಕೆ ವಿನಾಯಿತಿ. ಅರ್ಜಿ ಒಪ್ಪಿಗೆಯಾದರೆ ಹೆದ್ದಾರಿಯ ತಿರುವಿನಲ್ಲಿ ನೀರು ಚಿಮ್ಮುವ ಯಂತ್ರವೊಂದು ಕೂರುತ್ತದೆ. ಅಲ್ಲಿಂದಾಚೆ ಎಲ್ಲ ಪ್ಲೇಟೂ ಫಳಫಳ. ಅಲ್ಲಿಯವರೆಗೆ ಯಾರು ಯಾರೆಂದು ಯಾರಿಗೂ ತಿಳಿಯಬೇಕಿಲ್ಲ. ಆ ಎರಡು ಕಿಲೋಮೀಟರಿನಲ್ಲಿ ನಲವತ್ತು ಮನೆಗಳಿವೆ, ಒಂದು ಶಾಲೆಯಿದೆ. ಅರ್ಜಿಯಲ್ಲಿ ಅವುಗಳ ಸುದ್ದಿಯೇ ಇಲ್ಲ. ನಾನು ಎರಡೆರಡು ಸಲ ಓದಿ ನೋಡಿದೆ.

ನಲವತ್ತರಲ್ಲಿ ಒಂದು ನಂಬರಕ್ಕನ ಮನೆ. ಒಂದೂವರೆ ಕೋಣೆ, ಕಿಟಕಿಗೆ ಸದಾ ಒದ್ದೆ ಪರದೆ. ಗಂಡ ಕ್ರಷರಿನ ಬೆಲ್ಟು ನೋಡಿಕೊಳ್ಳುತ್ತಾರೆ, ಕಿವಿ ಮಂದವಾಗಿದೆ. ಪ್ಲೇಟು ಒರೆಸುವ ಕೆಲಸ ಮೊದಲು ಅತ್ತೆಯದು. ಮಂಡಿ ನೋವು ಬಂದಾಗ ಬಕೆಟ್ಟು ಸೊಸೆಯ ಕೈಗೆ ಬಂತು, ಒಣ ಬಟ್ಟೆಯ ಪಾಠವೂ ಅವರಿಂದಲೇ. "ಮನೇಲಿ ನಾವಿಬ್ರೂ ಹಾವು ಮುಂಗುಸಿ. ಸಾರಿಗೆ ಉಪ್ಪು ಹಾಕೋ ವಿಷಯಕ್ಕೇ ಜಗಳ. ಆದ್ರೆ ಕೆಲಸದ ವಿಷಯದಲ್ಲಿ ಅತ್ತೆ ಒಂದು ದಿನಾನೂ ಕಡ್ಡಿ ಆಡಿಸಿದವರಲ್ಲ."

ಎರಡು ವರ್ಷದ ಹಿಂದೆ ಒಂದು ಸಂಜೆ, ಐದು ಗಂಟೆಯ ಹೊತ್ತು, ಆ ಅತ್ತೆಗೆ ಮನೆಯ ಮುಂದೆಯೇ ಕಾರೊಂದು ಗುದ್ದಿ ನಿಲ್ಲದೆ ಹೋಯಿತು. ಆಸ್ಪತ್ರೆಯಲ್ಲಿ ಅವರು ಎರಡು ದಿನ ಬದುಕಿದ್ದರು. ಪೊಲೀಸರಿಗೆ ಹೇಳಿದ್ದು ಇಷ್ಟೇ: ಬಿಳಿ ಕಾರು, ನಂಬರ್ ಇರಲಿಲ್ಲ.

ನಂಬರ್ ಇತ್ತು, ಧೂಳಿನ ಕೆಳಗಿತ್ತು. ಆಗೆಲ್ಲ ಆಫೀಸಿನ ಕಾರುಗಳನ್ನು ಗೇಟಿನಲ್ಲಿ ನಿಲ್ಲಿಸುವಂತಿರಲಿಲ್ಲ, ವಾಹನಗಳ ಲೆಕ್ಕದ ಪುಸ್ತಕದಲ್ಲಿ ಬರೆಯುವಂತೆಯೂ ಇರಲಿಲ್ಲ. ಅದು ಬಾಯಿಮಾತಿನ ವಿನಾಯಿತಿ. ಆ ಸಂಜೆ ಒಂದೇ ಥರದ ಮೂರು ಬಿಳಿ ಕಾರು ಒಂದರ ಹಿಂದೊಂದು ಹೋದವು. ಮೂವರು ಡ್ರೈವರುಗಳೂ ನಾನಲ್ಲ ಎಂದರು. ಕ್ವಾರಿಯ ಕಾರುಗಳಲ್ಲಿ ತಗ್ಗು ಗೀರು ಇಲ್ಲದ್ದು ಯಾವುದಿದೆ? ಕೇಸು ಅಲ್ಲಿಗೇ ತಣ್ಣಗಾಯಿತು.

ಕಳೆದ ವಾರ ಕಂಪನಿಯ ಅರ್ಜಿಯ ವಿಚಾರಣೆ ನಡೆಯಿತು. ಆಕ್ಷೇಪಣೆ ಕೊಟ್ಟವರು ನಂಬರಕ್ಕ ಒಬ್ಬರೇ, ಅದೂ ಅತ್ತೆಯ ಸಾವನ್ನು ಮುಂದಿಟ್ಟು. ಮಿಕ್ಕವರಿಗೆ ಮನೆಗೊಬ್ಬರಂತೆ ಕ್ವಾರಿಯಲ್ಲಿ ಕೆಲಸ, ಅನ್ನದ ತಟ್ಟೆಗೆ ಕಲ್ಲು ಹಾಕಿಕೊಳ್ಳುವವರು ಯಾರು? ನಾನೂ ಹೋಗಿದ್ದೆ. ಉದ್ದ ಮೇಜು, ಪ್ಲಾಸ್ಟಿಕ್ ಕುರ್ಚಿ, ಕರಕರ ಎನ್ನುವ ಫ್ಯಾನು. ಗಂಡ ಕೊನೆಯ ಸಾಲಿನಲ್ಲಿ ಕಿವಿಗೆ ಅಂಗೈ ಆನಿಸಿ ಕೂತಿದ್ದರು.

ಕಂಪನಿಯ ವಕೀಲರು ಎದ್ದು ನಿಂತರು. "ಪ್ಲೇಟು ಒರೆಸುವವರು ಗೇಟಿನಲ್ಲೇ ಇದ್ದರಲ್ಲ. ಹಾಗಿದ್ದೂ ಅವತ್ತು ನಂಬರ್ ಕಾಣಲಿಲ್ಲ ಅಂದರೆ ಯಾರಾದರೂ ನಂಬುವ ಮಾತೇ?"

ನಂಬರಕ್ಕ ಒಮ್ಮೆ ಕೊನೆಯ ಸಾಲಿನತ್ತ ನೋಡಿದರು. ಆಮೇಲೆ, ಗಂಡನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

"ಇದ್ದೆ ಸರ್. ನಾನೇ ಒರೆಸಲಿಲ್ಲ. ಕಾರುಗಳಿಗೆ ಬೇಡ ಅಂತ ಆಫೀಸಿನವರು ಹೇಳಿದ್ರು, ಬಿಟ್ಟೆ. ಕೈ ಸೋತಿತ್ತು. ಸದ್ಯ, ಮೂರು ಕಮ್ಮಿ ಆಯ್ತು ಅಂತ ಖುಷಿಯಾಗಿ ಕೂತ್ಕೊಂಡೆ. ಮೂರು ಕಾರಿಗೆ ಬೇಡ ಅಂದಿದ್ದಕ್ಕೇ ನಮ್ಮ ಮನೇಲಿ ಒಂದು ಜೀವ ಹೋಯ್ತು. ಈಗ ಎಲ್ಲಕ್ಕೂ ಬೇಡ ಅಂತೀರಲ್ಲ."

ಅಧಿಕಾರಿ ಬರೆದುಕೊಂಡರು. ತೀರ್ಮಾನ ತಿಂಗಳ ಕೊನೆಗೆ. ನನ್ನನ್ನು ಕೇಳಿದರೆ, ಕಂಪನಿಯ ಕಡೆಗೇ ಆಗುತ್ತದೆ ಎಂಬ ಭಯವಿದೆ. ಹಾಗಾಗದಿರಲಿ.

ಹೆಂಡತಿ ಆ ಕಾರುಗಳನ್ನು ಬಿಟ್ಟಿದ್ದು ಗಂಡನಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ನಾಲ್ಕು ದಿನ ಮಾತಿಲ್ಲ, ಕತೆಯಿಲ್ಲ. ಐದನೆಯ ದಿನ ಊಟದ ನಡುವೆ ಒಂದೇ ಪ್ರಶ್ನೆ ಕೇಳಿದರಂತೆ: "ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂದೆ," ಎನ್ನುತ್ತಾರೆ ನಂಬರಕ್ಕ. "ಆಸ್ಪತ್ರೇಲಿ ಕಾಲು ಹಿಡ್ಕೊಂಡು ಹೇಳಿದ್ದೆ. ಅತ್ತೆ ನನ್ನ ಬಾಯಿ ಮುಚ್ಚಿಸಿದ್ರು. 'ಯಾರ ಹತ್ರಾನೂ ಅನ್ಬೇಡ ಕಣೇ, ನಿನ್ನ ಕೆಲಸ ಹೋಗುತ್ತೆ' ಅಂದ್ರು. ಅಂಥಾ ಹೊತ್ತಲ್ಲೂ ನನ್ನ ಕೆಲಸದ ಚಿಂತೆ ಅವರಿಗೆ." ಗಂಡ ತಟ್ಟೆ ಬಿಟ್ಟು ಎದ್ದು ಹೋದರಂತೆ. ಈಗ ಒಂದೆರಡು ಮಾತಾಡುತ್ತಾರೆ, ಮುಖ ನೋಡುವುದಿಲ್ಲ.

ಗೇಟಿನಲ್ಲಿ ಏಳೂ ಕಾರುಗಳನ್ನು ನಂಬರಕ್ಕ ಈಗ ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ. ಆಫೀಸಿನವರು ಗದರಿಸಿದ್ದಾರೆ, ಅವರು ಜಗ್ಗಿಲ್ಲ. ಆ ಮೂರು ಬಿಳಿ ಕಾರುಗಳೂ, ಅದೇ ಮೂವರು ಡ್ರೈವರುಗಳೂ ದಿನಾ ಅಲ್ಲಿಂದಲೇ ಹೋಗುತ್ತಾರೆ. ಗಾಜು ಏರಿಸಿಯೇ ಇರುತ್ತದೆ. ಮೂರನೆಯದು ದಾಟಿದ ಮೇಲೆ ನಿಮಗೇನು ಬೇಕು ಎಂದು ಕೇಳಿದೆ. ಅವರು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು.

"ಮೂವರಲ್ಲಿ ಇಬ್ರು ಏನೂ ಮಾಡಿಲ್ಲ ಮೇಡಂ. ಆದ್ರೂ ಎರಡು ವರ್ಷದಿಂದ ಮೂವರನ್ನೂ ಒಂದೇ ಕಣ್ಣಲ್ಲಿ ನೋಡ್ತಿದೀನಿ. ಮಾಡಿದವರು ಒಂದು ದಿನ ಗಾಜು ಇಳಿಸಿ 'ನಾನೇ' ಅಂದ್ರೆ ಸಾಕು. ಉಳಿದ ಇಬ್ರನ್ನ 'ಚೆನ್ನಾಗಿದೀರಾ ಅಣ್ಣ' ಅಂತ ಕೇಳ್ಬೇಕು ನಾನು."