ವರದಿಯ ಮೊದಲ ಸಾಲು

ಬಿಟ್ಟಿ ಚಾಕರಿಯ ಬಗ್ಗೆ ಹೈದರಾಬಾದಿನ ಶಾಸನಸಭೆಗೆ ವರದಿ ಬರೆಯಲು ಬಂದಿದ್ದ ಅಧಿಕಾರಿ ಮಸ್ಕಿಯಲ್ಲಿ ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದರು. ಯಾರು ಏನು ಹೇಳಿದರೂ ಕನ್ನಡಕ ಒರೆಸುತ್ತ, "ಕಣ್ಣಿಲೆ ನೋಡ್ಲಾರದ ಬರ್ಯಾಂಗಿಲ್ರೀ" ಎನ್ನುತ್ತಿದ್ದರು.

"ನಮ್ಮ ಕಡೆ ಬಿಟ್ಟಿ ಎಲ್ಲೈತ್ರೀ ಸಾಹೇಬ್ರ?" ಎಂದು ಊರಗೌಡರು ನಗುತ್ತಿದ್ದಾಗಲೇ, ಹಿಂದಿನಿಂದ ಬರಬೇಕಿದ್ದ ಅಧಿಕಾರಿಯ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಒಬ್ಬ ಬಾಣಂತಿ ಲಿಂಗಸುಗೂರಿನ ದಾರಿಯಿಂದ ಅಂಗಳಕ್ಕೆ ಬಂದಳು. ಎದೆಹಾಲಿಗೆ ಅವಳ ಕುಪ್ಪಸ ತೊಯ್ದಿತ್ತು.

"ಕೂಸು ಎಲ್ಲೈತವ್ವಾ?" ಎಂದು ನಮ್ಮವ್ವ ಗಾಬರಿಯಿಂದ ಕೇಳಿದಳು.

"ಮನ್ಯಾಗ ಅಳಾಕತ್ತಿತ್ರೀ, ಬಿಟ್ಟು ಬಂದೀನಿ. ಇವತ್ತು ಸಾಹೇಬ್ರ ಪೆಟ್ಟಿಗಿ ಹೊರೂ ಬಿಟ್ಟಿ ಪಾಳಿ ನಮ್ದು."

ಅಧಿಕಾರಿಯ ಮುಖ ಬಿಳಿಚಿತು. ತಾವೇ ಪೆಟ್ಟಿಗೆ ಇಳಿಸಿ, ಗೌಡರ ಬಂಡಿಯಲ್ಲೇ ಅವಳನ್ನು ಮನೆಗೆ ಕಳಿಸಿದರು. ಸಂಜೆ ವರದಿಯ ಮೊದಲ ಸಾಲನ್ನು ಅಪ್ಪನಿಗೆ ಓದಿ ಹೇಳಿದರು: "ಇಲ್ಲಿ ಬಿಟ್ಟಿ ಮಾಡಿಸಿದವನು ನಾನು."