ಹೆಗಲಿನಿಂದ ಗೊರಸಿಗೆ

ಸವದತ್ತಿ ತಾಲೂಕಿನ ಒಂದು ಹಳ್ಳಿಯ ದನದ ದವಾಖಾನೆಗೆ ನಾನು ಡಾಕ್ಟರಾಗಿ ಹೋದದ್ದು ತೊಂಬತ್ತರ ದಶಕದ ನಡುವೆ. ದನದ ಡಾಕ್ಟರ್ ಹೆಣ್ಣಾಗಿರುವುದನ್ನು ಆ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಮೊದಲ ವಾರ ಜನ ಎತ್ತು, ಎಮ್ಮೆ ಏನನ್ನೂ ತರದೆ ಸುಮ್ಮನೆ ಬಂದು ನನ್ನನ್ನು ನೋಡಿಕೊಂಡು ಹೋದರು. "ಗಂಡಸು ಡಾಕ್ಟರ ಯಾವಾಗ ಬರ್ತಾರ್ರಿ?" ಎಂದು ಒಬ್ಬ ಕೇಳಿದ. ನಾನು ಬೈಲಹೊಂಗಲದವಳು, ನನಗೂ ಬಾಯಿ ಇತ್ತು. "ಗಂಡಸು ಬರೂತನಕ ನಿನ್ನ ಎಮ್ಮಿ ಕಾಯ್ತೈತೇನು?" ಎಂದೆ. ಅವನು ಕಾಯುತ್ತದೆ ಎಂದೇ ಹೇಳಿ ಹೋದ.

ಹೀಗಿರುವಾಗ ಮಳೆಗಾಲದ ಒಂದು ಬೆಳಿಗ್ಗೆ ಟಾಂಗಾ ಹೊಡೆಯುವ ಮುದುಕರು ತಮ್ಮ ಕುದುರೆಯನ್ನು ಹಿಡಿದುಕೊಂಡು ಬಂದರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಯರಗಟ್ಟಿ ರಸ್ತೆಯ ಕ್ರಾಸಿನಿಂದ ಊರೊಳಗೆ ಮಂದಿಯನ್ನು ತರುತ್ತಿದ್ದದ್ದು ಅವರ ಟಾಂಗಾ ಒಂದೇ. ಬಿಳಿಯ ಹೆಣ್ಣು ಕುದುರೆ. ಮುಂದಿನ ಎಡಗಾಲನ್ನು ನೆಲಕ್ಕೆ ತಾಗಿಸಿಯೂ ತಾಗಿಸದ ಹಾಗೆ ಇಟ್ಟುಕೊಂಡು ನಿಂತಿತ್ತು. ಅದು ಕುಂಟಾದರೆ ಅವರ ಮನೆಯ ಒಲೆ ಹೊತ್ತುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಿಂದೆಯೇ ಇಪ್ಪತ್ತು ಮಂದಿ ಬಂದಿದ್ದರು. ಅರ್ಧ ಜನ ಕುದುರೆಯ ಚಿಂತೆಯಿಂದ, ಇನ್ನರ್ಧ ಜನ ನಾನೇನು ಮಾಡುತ್ತೇನೆ ನೋಡೋಣವೆಂದು.

ನಿಜ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಮಗೆ ನಿಜವಾದ ಕುದುರೆಯನ್ನು ಎದುರಿಗಿಟ್ಟು ಪಾಠ ಮಾಡಿದ್ದು ಎರಡೇ ದಿನ. ಎರಡೂ ದಿನ ಕುದುರೆ ಎಲ್ಲರ ಮುಂದಿತ್ತು, ನಾನು ಎಲ್ಲರ ಹಿಂದಿದ್ದೆ. ಆದರೆ ಇಪ್ಪತ್ತು ಮಂದಿಯ ಎದುರು ಕೈಕಟ್ಟಿ ನಿಲ್ಲಲಾದೀತೇ? ಧೈರ್ಯ ಮಾಡಿ ಕುದುರೆಯ ಹೆಗಲು ಒತ್ತಿದೆ. ಅದು ಬೆಚ್ಚಿ ಪಕ್ಕಕ್ಕೆ ಸರಿಯಿತು. ಗುರುತಿಲ್ಲದವರು ಎಲ್ಲಿ ಒತ್ತಿದರೂ ಕುದುರೆ ಸರಿಯುತ್ತದೆ ಎಂಬುದು ಆಮೇಲೆ ತಿಳಿಯಿತು.

"ಹೆಗಲು ಉಳುಕೇತಿ" ಎಂದು ಗಟ್ಟಿಯಾಗಿ ಹೇಳಿದೆ.

ಚಾಚಾ ಕುದುರೆಯ ಕಾಲನ್ನೊಮ್ಮೆ ನೋಡಿದರು, ಮಂದಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಹೌದ್ರಿ ಬಾಯಾರ. ಹೆಗಲ ಐತ್ರಿ. ಖರೇ ಹೇಳಿದ್ರಿ" ಎಂದರು. ಮಂದಿ ತಲೆಯಾಡಿಸಿದರು. ನಾನು ನೋವಿಗೆ ಸೂಜಿ ಹಾಕಿ, ಹೆಗಲಿಗೆ ತಿಕ್ಕಲು ಎಣ್ಣೆ ಕೊಟ್ಟೆ.

ಅಷ್ಟು ವಿಧೇಯರಾದ ಮನುಷ್ಯರನ್ನು ನಾನು ನೋಡಿಲ್ಲ. ದಿನಾ ಬೆಳಿಗ್ಗೆ ಮನೆಯ ಮುಂದೆ, ಹೋಗಿಬರುವವರಿಗೆಲ್ಲ ಕಾಣುವ ಹಾಗೆ, ಅಂಗಿಯ ತೋಳು ಮಡಚಿ ಕುದುರೆಯ ಹೆಗಲು ತಿಕ್ಕುತ್ತಿದ್ದರು. ಸೂಜಿ ಹಾಕಿದ ದಿನ ಕುದುರೆ ಸ್ವಲ್ಪ ಕಾಲೂರುತ್ತಿತ್ತು, ನಾನು ಬೀಗುತ್ತಿದ್ದೆ. ಮರುದಿನ ಮತ್ತೆ ಮೂರೇ ಕಾಲು. ಎಂಟನೆಯ ದಿನ ಅದು ಮೇವು ಬಿಟ್ಟಿದೆಯೆಂದು ಸುದ್ದಿ ಬಂತು.

ಮಂದಿಯ ಕಣ್ಣು ತಪ್ಪಿಸಿ ಚಾಚಾರ ಮನೆಗೆ ಹಿತ್ತಲ ಕಡೆಯಿಂದ ಹೋದೆ. ಚಾಚಾ ನೆಲದ ಮೇಲೆ ಕುಳಿತು, ಕುದುರೆಯ ಕಾಲನ್ನು ಬಕೆಟ್ಟಿನ ಬಿಸಿ ಉಪ್ಪುನೀರಿನಲ್ಲಿ ಅದ್ದಿ ಹಿಡಿದಿದ್ದರು. ನನ್ನನ್ನು ಕಂಡವರೇ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಬಕೆಟ್ಟು ಸರಿಸಿದರು. "ಏನಿಲ್ರಿ, ರಾಡಿ ತೊಳ್ಯಾಕ ಹತ್ತಿದ್ನಿ."

ನಾನು ಕುಳಿತು ಗೊರಸು ಮುಟ್ಟಿದೆ. ಒಲೆಯಿಂದ ಇಳಿಸಿದ ಹಂಚಿನಷ್ಟು ಬಿಸಿ. ಗೊರಸಿನ ಮೇಲ್ಗಡೆ ನಾಡಿ ಬಡಿದುಕೊಳ್ಳುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ ಪಾಠ ಆಗ ನೆನಪಾಯಿತು. ಗೊರಸಿನೊಳಗೆ ಕೀವು ತುಂಬಿತ್ತು. ಹೊರಗೆ ಬರಲು ದಾರಿಯಿಲ್ಲದೆ ಒತ್ತುತ್ತಿತ್ತು. ಹೆಗಲಿಗೆ ಏನೂ ಆಗಿರಲಿಲ್ಲ.

"ನಾಲಬಂದನ್ನ ಯಾಕ ಕರಸಲಿಲ್ಲ?" ಎಂದು ರೇಗಿದೆ. ಲಾಳ ಕಟ್ಟುವ ನಾಲಬಂದ ಮನೋಳಿಯಲ್ಲಿದ್ದ, ಇಂಥ ಗೊರಸು ಕೆತ್ತಿ ಕೀವು ಬಿಡುವುದು ಅವನಿಗೆ ಗೊತ್ತಿತ್ತು.

"ಅಂವ ಬಂದಿದ್ನ್ರಿ. ಬಾಯಾರ ಔಷಧ ನಡದೈತಿ ಅಂದ್ನಿ. ಚೀಲಾ ಬಿಚ್ಚಲಿಲ್ಲ, ಚಾ ಕುಡದು ಹ್ವಾದ."

ಅದು ಅವನ ಕಸುಬಿನ ರೀತಿ. ಒಬ್ಬರ ಔಷಧ ನಡೆದಿರುವಾಗ ಇನ್ನೊಬ್ಬರು ಕೈಹಚ್ಚುವುದಿಲ್ಲ. ಮೊದಲಿನವರು ಕೈಬಿಡಬೇಕು, ಇಲ್ಲವೇ ತಾವೇ ಕರೆಯಬೇಕು. ಕುದುರೆ ಸತ್ತರೂ ಮರ್ಯಾದೆ ಕೆಡಬಾರದು.

ನಾನೇ ಹೇಳಿಕಳಿಸಿದ ಮೇಲೆ ಮರುದಿನ ಬೆಳಿಗ್ಗೆ ಅವನು ಬಂದ. ಲಾಳ ಕಿತ್ತು, ಗೊರಸಿನ ತಳವನ್ನು ಸಣ್ಣಗೆ ಕೆತ್ತುತ್ತ ಹೋಗಿ, ಒಂದು ಕಪ್ಪು ಚುಕ್ಕೆ ಕಂಡೊಡನೆ ನಿಲ್ಲಿಸಿ ಬಾಗಿದ ಚೂರಿಯನ್ನು ನನ್ನ ಕೈಗೆ ಕೊಟ್ಟ. "ಕಡೀಕ ಚೂರಿ ನೀವ ಹಚ್ರಿ." ಇವನೂ ಚಾಚಾರ ಹಾಗೆಯೇ, ನನ್ನನ್ನೇ ಮುಂದೆ ಮಾಡುವವನು! ಬೇಡವೆನ್ನಲು ಸಮಯವಿರಲಿಲ್ಲ. ಅವನು ಬೆರಳಿಟ್ಟು ತೋರಿಸಿದಲ್ಲಿ ಚೂರಿ ಹಚ್ಚಿದೆ. ಕಪ್ಪು ಕೀವು ನಾತ ಹೊಡೆಯುತ್ತ ನನ್ನ ಸೀರೆಯ ಮೇಲೆ ಚಿಮ್ಮಿತು. ಕುದುರೆ ಉದ್ದಕ್ಕೆ ಉಸಿರು ಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಆ ಕಾಲನ್ನು ನೆಲಕ್ಕೂರಿತು. ನನಗೆ ಅಳು ಬಂತು.

ಗಾಯ ತೊಳೆದು, ಹತ್ತಿ ತುಂಬಿ, ಗೋಣಿತಟ್ಟು ಸುತ್ತಿ, ಮೇಲೆ ಸೈಕಲ್ ಟ್ಯೂಬು ಬಿಗಿದೆವು. ಗೊರಸಿನ ಗಾಯದಿಂದ ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ. ಅದರ ಸೂಜಿಮದ್ದನ್ನು ನಾನೇ ಅವತ್ತು ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಹೋಗಿ, ಥರ್ಮಾಸಿನಲ್ಲಿ ಐಸು ತುಂಬಿಸಿ ತಂದು ಹಾಕಿದೆ. ಆ ಒಂಬತ್ತು ದಿನಗಳಲ್ಲಿ ಯಾರೂ ಹೇಳಿಕೊಡದೆ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಹದಿನೈದು ದಿನಕ್ಕೆ ಟಾಂಗಾ ಮತ್ತೆ ಓಡಿತು, ಜೊತೆಗೆ ಒಂದು ಕಥೆಯೂ ಓಡಿತು. ಹೆಗಲೊಳಗಿನ ಬ್ಯಾನಿಯನ್ನು ಬಾಯಾರು ಎಣ್ಣೆ ತಿಕ್ಕಿಸಿ ತಿಕ್ಕಿಸಿ ಗೊರಸಿಗೆ ಇಳಿಸಿದರು, ಅಲ್ಲಿ ಬಾಯಿ ಮಾಡಿ ಹೊರಗೆ ತೆಗೆದರು! ಕುಂಟುವ ಎತ್ತುಗಳನ್ನು ಹೊಡೆದುಕೊಂಡು ಜನ ಬರತೊಡಗಿದರು. "ಇದರದೂ ಇಳಸ್ರಿ ಬಾಯಾರ." ಗಂಡಸು ಡಾಕ್ಟರಿಗಾಗಿ ಕಾಯುತ್ತೇನೆಂದವನೂ ಎಮ್ಮೆ ತಂದ. ಕಥೆ ಹುಟ್ಟಿಸಿದವರು ಯಾರೆಂದು ವಿಚಾರಿಸಿದರೆ, ಚಾಚಾ.

ಒಂದು ಸಂಜೆ ಕ್ರಾಸಿನಿಂದ ಅವರ ಟಾಂಗಾದಲ್ಲಿ ನಾನೊಬ್ಬಳೇ ಇದ್ದೆ. "ಚಾಚಾ, ಗೊರಸಂತ ಮೊದಲನೇ ದಿನಾನ ನಿಮಗ ಗೊತ್ತಿತ್ತು, ಹೌದಲ್ಲೋ?"

"ಗೊತ್ತಿತ್ರಿ. ಹುಟ್ಟಿದಾಗಿಂದ ಕುದರಿ ಕೂಡ ಅದೇನಿ."

"ಮತ್ತ ಯಾಕ ಹೇಳಲಿಲ್ಲ?"

"ಅಷ್ಟ ಮಂದಿ ನಿಂತಿದ್ರಲ್ರಿ. ನಾ ಅಲ್ಲ ಅಂದಿದ್ರ, ನಾಳಿಗೆ ಒಬ್ಬಾಂವರ ನಿಮ್ಮ ಕಡೆ ದನಾ ತರತಿದ್ನೇನ್ರಿ? ಕುದರಿ ನಮ್ಮನೀದು. ತಡಕೊಂತೈತಿ ಅನಕೊಂಡ್ನಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ದಿನ ಆ ಮೂಕಪ್ರಾಣಿ ಮೂರು ಕಾಲಿನ ಮೇಲೆ ನಿಂತು ಕಾದದ್ದು ನನ್ನ ಮರ್ಯಾದೆಯನ್ನು. ದವಾಖಾನೆಯ ಮುಂದೆ ಇಳಿಯುತ್ತ, "ನಾಳೆ ಮಂದೀಗೆಲ್ಲಾ ಖರೇ ಹೇಳಿಬಿಡತೇನಿ" ಎಂದೆ.

"ಹೇಳ್ರಿ" ಎಂದು ಚಾಚಾ ನಕ್ಕರು.

ಆ ಊರಿನಲ್ಲಿ ಮತ್ತೆ ನಾಲ್ಕು ವರ್ಷ ಇದ್ದೆ. ಹೇಳಲಿಲ್ಲ.